ತಕ್ಕಡಿಯಲ್ಲಿಟ್ಟ ಇತಿಹಾಸ: ಇರಾನಿನ ಮಂಗೋಲ್ ಖಾನರ ಬೆಳ್ಳಿ ನಾಣ್ಯಗಳು

ಇತಿಹಾಸವನ್ನು ಓದುತ್ತೇವೆ, ಕೇಳುತ್ತೇವೆ. ಇಂದು ಅದನ್ನು ತೂಗಿ ನೋಡೋಣ. ಇದು ಅಲಂಕಾರದ ಮಾತಲ್ಲ. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಇರುವಂಥ ನಿಜವಾದ ತಕ್ಕಡಿಯಲ್ಲೇ ತೂಗುವುದು. ತಕ್ಕಡಿಯಲ್ಲಿ ಇಡಬೇಕಾದ ವಸ್ತು ಏಳುನೂರು ವರ್ಷ ಹಳೆಯ, ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಬೆಳ್ಳಿಯ ಬಿಲ್ಲೆ. ಇದನ್ನು ಇರಾನನ್ನು ಆಳಿದ ಮಂಗೋಲ್ ಖಾನರು ಹೊಡೆಸಿದರು. ಹೆಸರು ದಿರ್ಹಮ್.

ಇಂಥ ನಾಣ್ಯವನ್ನು ಎರಡು ಬಗೆಯಲ್ಲಿ ಪ್ರಶ್ನಿಸಬಹುದು. ಮೊದಲನೆಯದು, ‘ನಿನ್ನ ಮೇಲೆ ಏನು ಬರೆದಿದೆ?’ ಎಂಬ ಪ್ರಶ್ನೆ. ಎರಡನೆಯದು, ‘ನಿನ್ನ ತೂಕವೆಷ್ಟು, ನಿನ್ನಲ್ಲಿ ಬೆಳ್ಳಿ ಎಷ್ಟು?’ ಎಂಬ ಪ್ರಶ್ನೆ. ಮೊದಲ ಪ್ರಶ್ನೆಗೆ ಸಿಗುವುದು ಅರಸನು ಜಗತ್ತಿಗೆ ಹೇಳಬಯಸಿದ ಮಾತು. ಎರಡನೆಯದಕ್ಕೆ ಸಿಗುವುದು ಅವನು ನಿಜವಾಗಿ ನಡೆದುಕೊಂಡ ರೀತಿ. ಈ ಎರಡು ಉತ್ತರಗಳು ಹೊಂದಿಕೊಂಡಾಗ ಏನಾಯಿತು, ಹೊಂದದೆ ಹೋದಾಗ ಏನಾಯಿತು ಎಂಬುದೇ ಇಂದಿನ ಮಾತು.

ಯಾರು ಈ ಖಾನರು?

ಚಂಗೀಸ್ ಖಾನನ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಅವನ ಮೊಮ್ಮಗ ಹುಲಗು. ಅಣ್ಣನಾದ ಮಹಾಖಾನ ಮೋಂಗ್ಕೆಯ ಅಪ್ಪಣೆಯಂತೆ ಹುಲಗು ಪಶ್ಚಿಮಕ್ಕೆ ದಂಡೆತ್ತಿ ಬಂದು, 1258ರಲ್ಲಿ ಬಾಗ್ದಾದನ್ನು ಗೆದ್ದು ಖಲೀಫನನ್ನು ಕೊಲ್ಲಿಸಿದ. ಅವನೂ ಅವನ ವಂಶದವರೂ ಇರಾನ್, ಇರಾಕ್, ಕಾಕಸಸ್ ಮತ್ತು ಇಂದಿನ ಟರ್ಕಿಯ ಬಹುಭಾಗವನ್ನು 1335ರವರೆಗೆ ಆಳಿದರು. ಈ ರಾಜ್ಯಕ್ಕೆ ಇಲ್‌ಖಾನರ ರಾಜ್ಯವೆಂದು ಹೆಸರು. ಇಲ್‌ಖಾನ ಎಂದರೆ ‘ಅಧೀನನಾದ ಖಾನ’ ಎಂದು ಅರ್ಥ ಹೇಳುವುದು ವಾಡಿಕೆ. ಯಾರಿಗೆ ಅಧೀನ? ದೂರದ ಮಂಗೋಲಿಯ ಮತ್ತು ಚೀನದಲ್ಲಿದ್ದ ಮಹಾಖಾನನಿಗೆ. ಈ ಒಂದು ಶಬ್ದವನ್ನು ನೆನಪಿಟ್ಟುಕೊಳ್ಳಿ. ನಾಣ್ಯದ ಮೇಲಿನ ಬರಹವನ್ನು ಓದಲು ಅದೇ ಬೀಗದ ಕೈ.

ಕುದುರೆಯ ಮೇಲೆ ಬದುಕಿದ ಜನಕ್ಕೆ ನಾಣ್ಯವೇಕೆ ಬೇಕಾಯಿತು? ಹುಲ್ಲುಗಾವಲಿನಲ್ಲಿ ಕುರಿ ಕುದುರೆಗಳೇ ಸಂಪತ್ತು. ಆದರೆ ತಬ್ರೀಜ್, ಬಾಗ್ದಾದ್, ಶಿರಾಜ್‌ನಂಥ ನಗರಗಳನ್ನು ಗೆದ್ದ ಮೇಲೆ ತೆರಿಗೆ ಎತ್ತಬೇಕು, ಸೈನಿಕರಿಗೆ ಸಂಬಳ ಕೊಡಬೇಕು, ವ್ಯಾಪಾರಿಗಳಿಂದ ಸುಂಕ ಪಡೆಯಬೇಕು. ಆ ನಗರಗಳಲ್ಲಿ ಶತಮಾನಗಳಿಂದ ಟಂಕಸಾಲೆಗಳಿದ್ದವು, ನುರಿತ ಅಕ್ಕಸಾಲಿಗರಿದ್ದರು. ಮಂಗೋಲರು ಅವರನ್ನೇ ಕೆಲಸಕ್ಕೆ ಹಚ್ಚಿದರು.

ಕೆಲಸದ ಕ್ರಮ ಸರಳ. ಬೆಳ್ಳಿಯನ್ನು ಶುದ್ಧಿಮಾಡಿ, ನಿಗದಿಯಾದ ತೂಕದ ಬಿಲ್ಲೆಗಳನ್ನು ಮಾಡುತ್ತಾರೆ. ಎರಡು ಅಚ್ಚುಗಳಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಕೊರೆದಿರುತ್ತಾರೆ. ಕೆಳಗಿನ ಅಚ್ಚನ್ನು ಭದ್ರವಾಗಿ ಕೂರಿಸಿ, ಮೇಲೆ ಬಿಲ್ಲೆಯನ್ನಿಟ್ಟು, ಅದರ ಮೇಲೆ ಎರಡನೆಯ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಒಂದು ಪೆಟ್ಟು. ಪೆಟ್ಟು ಓರೆಯಾದರೆ ಅರ್ಧ ಅಕ್ಷರ ಅಂಚಿನಿಂದ ಹೊರಗೆ ಹೋಗುತ್ತದೆ. ತೆರೆಯ ಮೇಲೆ ನೀವು ನೋಡುವ ನಾಣ್ಯಗಳಲ್ಲಿ ಬರಹ ಅರ್ಧಂಬರ್ಧ ಕಾಣುವುದು ಇದೇ ಕಾರಣಕ್ಕೆ. ಇಂಥ ನಾಣ್ಯವನ್ನು ಚಿತ್ರೀಕರಿಸುವಾಗ ನಾವು ದೀಪವನ್ನು ನೇರವಾಗಿ ಹಿಡಿಯುವುದಿಲ್ಲ. ಬೆಳಕು ಪಕ್ಕದಿಂದ, ಬಹಳ ತಗ್ಗಿನಿಂದ ಬೀಳಬೇಕು. ಆಗ ಸವೆದ ಅಕ್ಷರಕ್ಕೂ ನೆರಳು ಹುಟ್ಟಿ ಅದು ಎದ್ದು ಕಾಣುತ್ತದೆ. ಮನೆಯಲ್ಲಿ ಹಳೆಯ ನಾಣ್ಯವಿದ್ದರೆ, ಒಂದು ಟಾರ್ಚ್ ಹಿಡಿದು ನೀವೂ ಇದನ್ನು ಮಾಡಿ ನೋಡಬಹುದು.

ಬರಹದ ಸಾಕ್ಷಿ

ಹುಲಗುವಿನ ನಾಣ್ಯಗಳಲ್ಲಿ ಮೊದಲು ಬರುವುದು ಮಹಾಖಾನ ಮೋಂಗ್ಕೆಯ ಹೆಸರು. ಆಮೇಲೆ ಹುಲಗುವಿನದು. ಗೆದ್ದವನು ತಮ್ಮ, ಆದರೆ ಗೌರವ ಅಣ್ಣನಿಗೆ. ಮುಂದೆ ಹುಲಗುವಿನ ಮಗ ಅಬಾಕಾ ಮತ್ತು ಮೊಮ್ಮಗ ಅರ್ಘುನ್ ಇವರ ಕಾಲದಲ್ಲಿ ಉಯಿಗುರ್ ಲಿಪಿಯ ಮಂಗೋಲ್ ಬರಹ ಬಂತು. ಅರ್ಘುನ್ ಆಳಿದ್ದು 1284ರಿಂದ 1291ರವರೆಗೆ. ಅವನ ದಿರ್ಹಮ್‌ನ ಮೇಲೆ ‘ಖಾಗಾನನ ಹೆಸರಿನಲ್ಲಿ ಅರ್ಘುನ್ ಹೊಡೆಸಿದ್ದು’ ಎಂಬ ಅರ್ಥದ ಸಾಲುಗಳಿವೆ. ಖಾಗಾನ ಎಂದರೆ ಮಹಾಖಾನ, ಅಂದರೆ ಆಗ ಚೀನದಲ್ಲಿದ್ದ ಕುಬ್ಲಾಯ್. ಸಾವಿರಾರು ಮೈಲಿ ದೂರದ ದೊರೆಗೆ ತಬ್ರೀಜ್‌ನ ಸಂತೆಯಲ್ಲಿ ಕೈಯಿಂದ ಕೈಗೆ ಸಾಗುವ ಪ್ರತಿಯೊಂದು ನಾಣ್ಯವೂ ವಂದನೆ ಸಲ್ಲಿಸುತ್ತಿತ್ತು.

1294ರಲ್ಲಿ ಕುಬ್ಲಾಯ್ ತೀರಿಕೊಂಡ. 1295ರಲ್ಲಿ ಇರಾನಿನಲ್ಲಿ ಅರ್ಘುನನ ಮಗ ಗಜಾನ್ ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಮಹಮೂದ್ ಎಂಬ ಹೆಸರನ್ನೂ ಇಟ್ಟುಕೊಂಡು ಪಟ್ಟಕ್ಕೆ ಬಂದ. ಸುಧಾರಣೆಯ ಬಳಿಕ ಅವನು ಹೊಡೆಸಿದ ನಾಣ್ಯವನ್ನು ಓದಿ: ‘ಆಕಾಶದ ಬಲದಿಂದ ಗಜಾನ್ ಹೊಡೆಸಿದ್ದು.’ ಖಾಗಾನನ ಹೆಸರು ಮಾಯವಾಗಿದೆ. ಅವನ ಜಾಗದಲ್ಲಿ ಮಂಗೋಲರು ಪರಂಪರೆಯಿಂದ ಪೂಜಿಸಿದ ತೆಂಗ್ರಿ, ಅಂದರೆ ಅನಂತ ಆಕಾಶ, ಬಂದಿದೆ. ಒಂದು ರಾಜ್ಯ ‘ಇನ್ನು ನಾವು ಯಾರ ಅಧೀನವೂ ಅಲ್ಲ’ ಎಂದು ಸಾರಿದ್ದನ್ನು ಒಂದೇ ಒಂದು ಪದದ ಬದಲಾವಣೆ ನಮಗೆ ತಿಳಿಸುತ್ತದೆ.

ಈ ನಾಣ್ಯದ ಇನ್ನೊಂದು ಮುಖದಲ್ಲಿ ಅರಬ್ಬಿ ಲಿಪಿಯಲ್ಲಿ ಇಸ್ಲಾಮಿನ ಧರ್ಮಘೋಷಣೆ. ಉಯಿಗುರ್ ಲಿಪಿಯ ಸಾಲುಗಳ ಪಕ್ಕದಲ್ಲಿ ಮೂರನೆಯ ಲಿಪಿಯೊಂದರ ಕೆಲವು ಅಕ್ಷರಗಳೂ ಉಂಟು. ಅದು ಫಗ್ಸ್‌ಪಾ ಲಿಪಿ. ಕುಬ್ಲಾಯ್‌ನ ಆಸ್ಥಾನದಲ್ಲಿದ್ದ ಫಗ್ಸ್‌ಪಾ ಎಂಬ ಟಿಬೆಟಿನ ಬೌದ್ಧ ಗುರು ಇದನ್ನು ರೂಪಿಸಿದ. 1269ರಲ್ಲಿ ಇದು ಅಧಿಕೃತವಾಯಿತು. ಇದರ ಮೂಲ ಟಿಬೆಟಿನ ಲಿಪಿ. ಟಿಬೆಟಿನ ಲಿಪಿಯ ಮೂಲ ಭಾರತದ ಬ್ರಾಹ್ಮಿ. ನಮ್ಮ ಕನ್ನಡ ಲಿಪಿಯ ಮೂಲವೂ ಬ್ರಾಹ್ಮಿಯೇ. ಹಾಗಾಗಿ ಇರಾನಿನ ಈ ನಾಣ್ಯದ ಮೇಲೆ ನಮ್ಮ ಅಕ್ಷರಗಳ ದೂರದ ದಾಯಾದಿಯೊಬ್ಬ ಕುಳಿತಿದ್ದಾನೆ ಎನ್ನಬಹುದು.

ಧರ್ಮದ ವಿಷಯದಲ್ಲೂ ಈ ನಾಣ್ಯಗಳು ಹಲವು ದನಿಗಳಲ್ಲಿ ಮಾತನಾಡುತ್ತವೆ. ಅರ್ಘುನ್ ಬೌದ್ಧನಾಗಿದ್ದರೂ ಅವನ ನಾಣ್ಯದಲ್ಲಿ ಪ್ರಜೆಗಳ ಇಸ್ಲಾಮೀ ಘೋಷಣೆ ಇತ್ತು. ಅವನ ತಮ್ಮ ಗೈಖಾತುವಿನ ನಾಣ್ಯದಲ್ಲಿ ರಿಂಚೆನ್ ದೋರ್ಜೆ ಎಂಬ ಟಿಬೆಟಿನ ಬೌದ್ಧ ಹೆಸರಿದೆ. ಕ್ರೈಸ್ತರ ನಾಡಾದ ಜಾರ್ಜಿಯದ ತಿಫ್ಲಿಸ್‌ನಲ್ಲಿ ಹೊಡೆದ ಕೆಲವು ದಿರ್ಹಮ್‌ಗಳಲ್ಲಿ ಶಿಲುಬೆಯ ಗುರುತಿದೆ. ಪಿತ, ಪುತ್ರ, ಪವಿತ್ರಾತ್ಮರ ಹೆಸರು ಅರಬ್ಬಿ ಲಿಪಿಯಲ್ಲೇ ಇದೆ. ಗಜಾನನ ತಮ್ಮ ಉಲ್ಜೈತು ಶಿಯಾ ಪಂಥವನ್ನು ಹಿಡಿದ ಮೇಲೆ ಅವನ ನಾಣ್ಯಗಳಲ್ಲಿ ಹನ್ನೆರಡು ಇಮಾಮರ ಹೆಸರುಗಳು ಬಂದವು. ಮಗ ಅಬು ಸಯೀದ್ ಸುನ್ನಿ ಪಂಥಕ್ಕೆ ಮರಳಿದಾಗ ಇಮಾಮರ ಹೆಸರು ಹೋಗಿ ಮೊದಲ ನಾಲ್ವರು ಖಲೀಫರ ಹೆಸರು ಕಾಣಿಸಿಕೊಂಡಿತು. ವೃತ್ತಪತ್ರಿಕೆ ಇಲ್ಲದ ಕಾಲದಲ್ಲಿ ಅರಮನೆಯ ಸುದ್ದಿ ಸಂತೆಗೆ ತಲುಪುತ್ತಿದ್ದ ಒಂದು ದಾರಿ ಇದು.

ತಬ್ರೀಜ್‌ನ ಕಾಗದದ ಹಣ

ಎರಡನೆಯ ಪ್ರಶ್ನೆಗೆ, ಅಂದರೆ ತೂಕಕ್ಕೆ, ಬರುವ ಮೊದಲು ತೂಕವೇ ಇಲ್ಲದ ಹಣದ ಕಥೆಯೊಂದನ್ನು ಹೇಳಬೇಕು.

ಗೈಖಾತು 1291ರಿಂದ 1295ರವರೆಗೆ ಆಳಿದ. ದುಂದುಗಾರನೆಂದು ಹೆಸರಾದವನು. ಬೊಕ್ಕಸ ಬರಿದಾಯಿತು. ಚೀನದಲ್ಲಿ ಕುಬ್ಲಾಯ್ 1260ರಿಂದ ಕಾಗದದ ಹಣವನ್ನು ನಡೆಸುತ್ತಿದ್ದ ಸಂಗತಿ ಇರಾನಿನ ಆಸ್ಥಾನಕ್ಕೆ ಗೊತ್ತಿತ್ತು. ಮಂತ್ರಿ ಸದ್ರುದ್ದೀನ್ ಇಲ್ಲಿಯೂ ಅದನ್ನೇ ತರಲು ಮುಂದಾದ. 1294ರಲ್ಲಿ ತಬ್ರೀಜ್‌ನಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ನೋಟುಗಳು ಹೊರಬಂದವು. ಹೆಸರು ಕೂಡ ಚೀನದ್ದೇ, ‘ಚಾವೊ’. ಅರ್ಧ ದಿರ್ಹಮ್‌ನಿಂದ ಹತ್ತು ದಿನಾರ್‌ವರೆಗೆ ಮೌಲ್ಯ. ತೆಗೆದುಕೊಳ್ಳಲು ಒಲ್ಲೆನೆಂದವನಿಗೆ ಮರಣದಂಡನೆ ಎಂದು ಸಾರಲಾಯಿತು.

ಪರಿಣಾಮ ಏನು? ವರ್ತಕರು ಅಂಗಡಿ ಮುಚ್ಚಿದರು. ಸಂತೆಯಲ್ಲಿ ಆಹಾರ ಸಿಗದಾಯಿತು. ಜನ ದಂಗೆ ಎದ್ದರು. ಸುಮಾರು ಎರಡು ತಿಂಗಳಲ್ಲಿ ಚಾವೊ ರದ್ದಾಯಿತು.

ಚೀನದಲ್ಲಿ ನಡೆದದ್ದು ಇಲ್ಲಿ ಏಕೆ ನಡೆಯಲಿಲ್ಲ? ಚೀನದ ಜನಕ್ಕೆ ಕಾಗದದ ಹಣದ ಪರಿಚಯ ತಲೆಮಾರುಗಳಿಂದ ಇತ್ತು. ಅಲ್ಲಿ ಸರ್ಕಾರವೇ ತೆರಿಗೆಯನ್ನು ಆ ಕಾಗದದಲ್ಲಿ ಸ್ವೀಕರಿಸುತ್ತಿತ್ತು. ಮೊದಮೊದಲು ಅದರ ಹಿಂದೆ ಬೆಳ್ಳಿಯ ದಾಸ್ತಾನೂ ಇತ್ತು. ತಬ್ರೀಜ್‌ನಲ್ಲಿ ಜನಕ್ಕೆ ಕಂಡದ್ದು ಖಾಲಿ ಬೊಕ್ಕಸ ಮತ್ತು ಕತ್ತಿ. ಕತ್ತಿಯ ಭಯದಿಂದ ಅಂಗಡಿಯವನು ಕಾಗದವನ್ನು ಮುಟ್ಟಬಹುದು, ಆದರೆ ಮರುದಿನ ಅಂಗಡಿ ತೆರೆಯುವಂತೆ ಮಾಡಲು ಕತ್ತಿಗೆ ಆಗುವುದಿಲ್ಲ.

ಗಜಾನನ ತಕ್ಕಡಿ

ಈ ಅವ್ಯವಸ್ಥೆಯ ಮರುವರ್ಷ ಪಟ್ಟವೇರಿದವನು ಗಜಾನ್. ಅವನ ಮಂತ್ರಿ ರಶೀದುದ್ದೀನ್ ಮೂಲತಃ ವೈದ್ಯ. ಮಂಗೋಲರ ಚರಿತ್ರೆಯನ್ನು ಬರೆದ ಮಹಾವಿದ್ವಾಂಸ. ಅವನ ಬರಹದಿಂದ ನಮಗೆ ಗಜಾನನ ಸುಧಾರಣೆಗಳು ವಿವರವಾಗಿ ತಿಳಿದಿವೆ. ಅದುವರೆಗೆ ಪ್ರಾಂತಕ್ಕೊಂದು ನಾಣ್ಯ, ಪ್ರಾಂತಕ್ಕೊಂದು ಶುದ್ಧತೆ. ಒಂದು ಊರಿನ ದಿರ್ಹಮ್ ಮತ್ತೊಂದು ಊರಿನಲ್ಲಿ ಪೂರ್ಣ ಬೆಲೆಗೆ ನಡೆಯುತ್ತಿರಲಿಲ್ಲ. ಪ್ರಯಾಣ ಹೊರಟ ವ್ಯಾಪಾರಿ ದಾರಿಯುದ್ದಕ್ಕೂ ಹಣ ಬದಲಾಯಿಸುವವನಿಗೆ ಬಟ್ಟೆದಂಡ ತೆರಬೇಕು.

ಗಜಾನ್ 1296-97ರ ಹೊತ್ತಿಗೆ ಇಡೀ ರಾಜ್ಯಕ್ಕೆ ಒಂದೇ ಮಾದರಿಯ ನಾಣ್ಯವನ್ನು ತಂದ. ದಿರ್ಹಮ್‌ನ ತೂಕ ಅರ್ಧ ಮಿತ್ಕಾಲ್, ಅಂದರೆ ಸುಮಾರು 2.16 ಗ್ರಾಂ. 2011ರಲ್ಲಿ ಚಲಾವಣೆಯಿಂದ ಹೋದ ನಮ್ಮ ಉಕ್ಕಿನ ಹತ್ತು ಪೈಸೆ ನಾಣ್ಯ ನಿಮ್ಮ ಮನೆಯ ಯಾವುದಾದರೂ ಡಬ್ಬಿಯಲ್ಲಿ ಉಳಿದಿದ್ದರೆ ಅಂಗೈ ಮೇಲಿಟ್ಟು ನೋಡಿ. ಹೆಚ್ಚುಕಡಿಮೆ ಅಷ್ಟೇ ತೂಕ. ಇಂಥ ಆರು ದಿರ್ಹಮ್‌ಗಳಿಗೆ ಒಂದು ಬೆಳ್ಳಿ ದಿನಾರ್. ಹತ್ತು ಸಾವಿರ ದಿನಾರ್‌ಗಳಿಗೆ ಒಂದು ತುಮಾನ್. ತುಮಾನ್ ಎಂದರೆ ಮಂಗೋಲರಲ್ಲಿ ಹತ್ತು ಸಾವಿರ ಎಂಬ ಸಂಖ್ಯೆ, ಹತ್ತು ಸಾವಿರ ಸೈನಿಕರ ದಳಕ್ಕೂ ಅದೇ ಹೆಸರು. ಇರಾನಿನ ಜನರ ಮಾತಿನಲ್ಲಿ ‘ತುಮಾನ್’ ಹಣದ ಲೆಕ್ಕವಾಗಿ ಇಂದಿಗೂ ಉಳಿದಿದೆ.

ನಾಣ್ಯದ ಜೊತೆಗೆ ಗಜಾನ್ ತೂಕದ ಕಲ್ಲು ಮತ್ತು ಅಳತೆಗಳನ್ನೂ ತಬ್ರೀಜ್‌ನ ಮಾದರಿಗೆ ಒಂದುಗೂಡಿಸಿದ. ರೈತರು ಕೊಡಬೇಕಾದ ತೆರಿಗೆಯ ದರವನ್ನು ಹಲಗೆ, ಕಲ್ಲುಗಳ ಮೇಲೆ ಬರೆಸಿ ಊರವರಿಗೆ ಕಾಣುವಂತೆ ಇಡಲು ಆಜ್ಞೆ ಮಾಡಿದ. ತೆರಿಗೆಯವನು ಕೇಳಿದ್ದು ಸರಿಯೇ ಎಂದು ಊರಿನವನು ತಾನೇ ನೋಡಿಕೊಳ್ಳಬಹುದು. ನಾಣ್ಯವನ್ನೂ ಹಾಗೆಯೇ ತಾನೇ ತೂಗಿ ನೋಡಿಕೊಳ್ಳಬಹುದು. ಸುಧಾರಣೆಯ ಜೀವ ಇರುವುದು ಇಲ್ಲಿ.

ತೂಕವನ್ನು ನಾವು ಹೇಗೆ ತಿಳಿಯುತ್ತೇವೆ?

ವಿಜ್ಞಾನ ಓದುವವರು ಈಗ ಕೇಳಬಹುದು: ‘ಏಳುನೂರು ವರ್ಷ ಸವೆದ ನಾಣ್ಯದಿಂದ ಮೂಲ ತೂಕವನ್ನು ಹೇಗೆ ಹೇಳುತ್ತೀರಿ?’ ಒಳ್ಳೆಯ ಪ್ರಶ್ನೆ. ಒಂದು ನಾಣ್ಯದಿಂದ ಹೇಳಲಾಗದು. ಒಂದೇ ಬಗೆಯ ನೂರಾರು ನಾಣ್ಯಗಳನ್ನು ತೂಗಿ, ಯಾವ ತೂಕದ ನಾಣ್ಯಗಳು ಎಷ್ಟಿವೆ ಎಂದು ಗ್ರಾಫ್ ಎಳೆಯಬೇಕು. ಹಗುರವಾದವು ಕೆಲವು, ಭಾರವಾದವು ಕೆಲವೇ ಕೆಲವು. ನಡುವೆ ಒಂದು ಕಡೆ ಶಿಖರ ಏಳುತ್ತದೆ. ಟಂಕಸಾಲೆ ಗುರಿಯಿಟ್ಟ ತೂಕ ಆ ಶಿಖರದಲ್ಲಿ ಅಥವಾ ಅದಕ್ಕಿಂತ ಚೂರು ಮೇಲೆ ಇರುತ್ತದೆ. ಹೊಡೆದ ಹೊಸತರಲ್ಲೇ ನೆಲದಲ್ಲಿ ಹೂತಿಟ್ಟ ನಿಧಿಯ ನಾಣ್ಯಗಳು ಸವೆದಿರುವುದಿಲ್ಲ. ಈ ಕೆಲಸಕ್ಕೆ ಅವೇ ಉತ್ತಮ.

ಶುದ್ಧತೆಯನ್ನು ತಿಳಿಯುವುದು ಹೇಗೆ? ಆರ್ಕಿಮಿಡೀಸನ ತತ್ವ ನಿಮಗೆ ಗೊತ್ತು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.5 ಗ್ರಾಂ, ತಾಮ್ರದ್ದು ಸುಮಾರು 9. ಶುದ್ಧ ಬೆಳ್ಳಿಯ 2.16 ಗ್ರಾಂ ನಾಣ್ಯವನ್ನು ನೀರಿನಲ್ಲಿ ತೂಗಿಬಿಟ್ಟು ನೋಡಿದರೆ ಅದು ಸುಮಾರು 206 ಮಿಲಿಗ್ರಾಂ ಹಗುರವಾಗಿ ಕಾಣುತ್ತದೆ. ಅದೇ ತೂಕದ, ಅರ್ಧ ತಾಮ್ರ ಬೆರೆತ ನಾಣ್ಯ ಸುಮಾರು 223 ಮಿಲಿಗ್ರಾಂ ಹಗುರವಾಗುತ್ತದೆ. ವ್ಯತ್ಯಾಸ ಬರೀ 17 ಮಿಲಿಗ್ರಾಂ. ಕಣ್ಣಿಗೆ ಎರಡೂ ಬಿಳಿಯಾಗಿ ಕಂಡಾವು, ಒಳ್ಳೆಯ ತಕ್ಕಡಿಗೆ ಮಾತ್ರ ಮೋಸ ತಿಳಿಯುತ್ತದೆ. ಇಂದು ಎಕ್ಸ್-ಕಿರಣಗಳಿಂದಲೂ ಲೋಹವನ್ನು ಪರೀಕ್ಷಿಸುತ್ತಾರೆ. ಆದರೆ ಅಲ್ಲಿ ಒಂದು ಎಚ್ಚರಿಕೆ ಬೇಕು. ಕಾಲಕ್ರಮದಲ್ಲಿ ಮೇಲ್ಮೈಯ ತಾಮ್ರ ಕರಗಿಹೋಗಿ ಹೊರಪದರದಲ್ಲಿ ಬೆಳ್ಳಿಯ ಪ್ರಮಾಣ ಹೆಚ್ಚಿರುವುದುಂಟು. ಕಿರಣ ಆ ಪದರವನ್ನಷ್ಟೇ ನೋಡಿದರೆ ನಾಣ್ಯ ಇರುವುದಕ್ಕಿಂತ ಶುದ್ಧವೆಂದು ಹೇಳಿಬಿಡುತ್ತದೆ.

ಹಗುರವಾಗುತ್ತ ಹೋದ ಬೆಳ್ಳಿ

ಗಜಾನ್ 1304ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆಮೇಲಿನ ನಾಣ್ಯಗಳನ್ನು ತೂಗುತ್ತ ಬಂದರೆ ಒಂದು ಮೆಟ್ಟಿಲ ಸಾಲು ಕಾಣುತ್ತದೆ. ಮೇಲೆ ಹತ್ತುವ ಮೆಟ್ಟಿಲಲ್ಲ, ಕೆಳಗೆ ಇಳಿಯುವುದು. ಉಲ್ಜೈತುವಿನ ಕೊನೆಯ ವರ್ಷಗಳಲ್ಲಿ ಒಂದು ಮೆಟ್ಟಿಲು. 1316ರಿಂದ 1335ರವರೆಗೆ ಆಳಿದ ಅಬು ಸಯೀದನ ಕಾಲದಲ್ಲಿ ಮತ್ತೆ ಮತ್ತೆ ಮೆಟ್ಟಿಲುಗಳು. ಪ್ರತಿ ಸಲ ನಾಣ್ಯದ ವಿನ್ಯಾಸವೂ ಬದಲಾಯಿತು. ಹಳೆಯದರೊಂದಿಗೆ ಹೊಸದು ಬೆರೆಯದಂತೆ ಗುರುತು ಸಿಗಬೇಕಲ್ಲವೇ? ಅವನ ಕೊನೆಯ ವರ್ಷಗಳ ನಾಣ್ಯಗಳಲ್ಲಿ ‘ಖಾನಿ ವರ್ಷ 33’ ಎಂದು ಬರೆದಿರುತ್ತದೆ. ಗಜಾನ್ 1302ರಲ್ಲಿ ಆರಂಭಿಸಿದ ಹೊಸ ಶಕೆ ಅದು. ಆ ದಿರ್ಹಮ್‌ನ ತೂಕ ಸುಮಾರು 1.44 ಗ್ರಾಂ. ಬರಹ ಸುಂದರ, ಬಿರುದು ದೊಡ್ಡದು, ಶಕೆ ಗಜಾನನದೇ. ತೂಕ ಮಾತ್ರ ಗಜಾನನ ದಿರ್ಹಮ್‌ನ ಮೂರರಲ್ಲಿ ಎರಡು ಪಾಲು.

ಲೆಕ್ಕ ಹಾಕೋಣ. ಗಜಾನನ ಕಾಲದಲ್ಲಿ 2,160 ಗ್ರಾಂ ಬೆಳ್ಳಿಯಿಂದ 1,000 ದಿರ್ಹಮ್‌ಗಳಾಗುತ್ತಿದ್ದವು. ಈಗ ಅದೇ ಬೆಳ್ಳಿಯಿಂದ 1,500. ಗಣಿಯಿಂದ ಒಂದು ಗ್ರಾಂ ಬೆಳ್ಳಿಯೂ ಹೊಸದಾಗಿ ಬಂದಿಲ್ಲ, ಆದರೆ ಬೊಕ್ಕಸಕ್ಕೆ 500 ನಾಣ್ಯಗಳು ಹೆಚ್ಚಿದವು. ಅವು ಯಾರ ಜೇಬಿನಿಂದ ಬಂದವು? ವ್ಯಾಪಾರಿಗೆ ತಕ್ಕಡಿ ಇದೆ. ಅವನು ಸರಕಿನ ಬೆಲೆ ಏರಿಸಿಯಾನು. ಹಿಂದೆ ಸಾಲ ಕೊಟ್ಟವನಿಗೆ ನಾಣ್ಯಗಳನ್ನು ಎಣಿಸಿ ಹಿಂದಿರುಗಿಸಿದರೆ ಎಣಿಕೆ ಸರಿ, ಬೆಳ್ಳಿ ಕಡಿಮೆ. ತಿಂಗಳಿಗೆ ಇಷ್ಟು ದಿರ್ಹಮ್ ಎಂದು ಗೊತ್ತುಮಾಡಿದ ಸಂಬಳದಲ್ಲಿ ಬದುಕುವ ಸೈನಿಕ, ಗುಮಾಸ್ತ, ಮೇಷ್ಟ್ರು ಇವರ ರೊಟ್ಟಿಯ ಗಾತ್ರ ಸದ್ದಿಲ್ಲದೆ ಕುಗ್ಗುತ್ತದೆ. ತೆರಿಗೆ ಏರಿಸಿದರೆ ಜನಕ್ಕೆ ತಿಳಿಯುತ್ತದೆ. ನಾಣ್ಯ ಇಳಿಸಿದರೆ ತಿಳಿಯುವುದು ತಡವಾಗಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತೂಕ ಇಳಿಸಿದ ದೊರೆಯೆಲ್ಲ ಕಳ್ಳನಲ್ಲ. ಬೆಳ್ಳಿಯ ಅಭಾವ ಬಂದಾಗ, ಬೆಳ್ಳಿಯ ಬೆಲೆ ಚಿನ್ನಕ್ಕೆ ಹೋಲಿಸಿದರೆ ಏರಿದಾಗ, ಭಾರದ ನಾಣ್ಯ ಕರಗಿಸುವ ಮೂಸೆಗೋ ಹೊರದೇಶಕ್ಕೋ ಹೋಗಿಬಿಡುತ್ತದೆ. ಆಗ ತೂಕ ಇಳಿಸುವುದು ಅನಿವಾರ್ಯವಾಗಬಹುದು. ಆದರೆ ಇಳಿಕೆ ಒಮ್ಮೆಗೆ ನಿಲ್ಲದೆ ಮತ್ತೆ ಮತ್ತೆ ಬಂದರೆ ಜನ ಹೊಸ ನಾಣ್ಯವನ್ನು ನಂಬುವುದನ್ನು ಬಿಡುತ್ತಾರೆ.

1335ರಲ್ಲಿ ಅಬು ಸಯೀದ್ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಸರದಾರರು ತಮಗೆ ಬೇಕಾದವರನ್ನು ಪಟ್ಟದಲ್ಲಿ ಕೂರಿಸಿ ಕಾದಾಡಿದರು. 1338-39ರಲ್ಲಿ ಉಲ್ಜೈತುವಿನ ಮಗಳು ಸಾತಿ ಬೇಗ್ ಕೆಲಕಾಲ ಪಟ್ಟದಲ್ಲಿದ್ದಳು. ಅವಳ ನಾಣ್ಯಗಳಲ್ಲಿ ಅವಳ ಹೆಸರೇ ಇದೆ, ಹಿಂದೆ ‘ನ್ಯಾಯವಂತ ಸುಲ್ತಾನೆ’ ಎಂಬ ಬಿರುದಿದೆ. ಒಂದೇ ಹೊತ್ತಿಗೆ ಹಲವು ಹೆಸರುಗಳಲ್ಲಿ ಹಲವು ಊರುಗಳ ಟಂಕಸಾಲೆಗಳು ನಾಣ್ಯ ಹೊಡೆದವು. ಬಿರುದುಗಳಿಗೆ ಬರವಿರಲಿಲ್ಲ, ನಾಣ್ಯ ಮಾತ್ರ ಇನ್ನೂ ಹಗುರವಾಗುತ್ತ ಹೋಯಿತು.

ನಮ್ಮ ದಿಕ್ಕಿನಲ್ಲಿ

ಅಬು ಸಯೀದನ ಕಾಲದಲ್ಲೇ ದೆಹಲಿಯಲ್ಲಿ ಮಹಮದ್ ಬಿನ್ ತುಘಲಕ್ ಇದ್ದ. ಅವನು 1329-30ರಲ್ಲಿ ಹಿತ್ತಾಳೆ ಮತ್ತು ತಾಮ್ರದ ಸಾಂಕೇತಿಕ ನಾಣ್ಯಗಳನ್ನು ತಂದದ್ದನ್ನು ನೀವು ಪಾಠದಲ್ಲಿ ಓದಿದ್ದೀರಿ. ಅವುಗಳಲ್ಲಿ ಹಲವು ದೌಲತಾಬಾದಿನ ಟಂಕಸಾಲೆಯಲ್ಲಿ ತಯಾರಾದವು. ದೌಲತಾಬಾದ್ ಎಂದರೆ ಕನ್ನಡ ಶಾಸನಗಳನ್ನೂ ಬರೆಸಿದ ಸೇವುಣರ ರಾಜಧಾನಿ ದೇವಗಿರಿ. ಈ ನಾಣ್ಯವನ್ನು ಬೆಳ್ಳಿಯ ಬೆಲೆಗೆ ತೆಗೆದುಕೊಳ್ಳಬೇಕೆಂಬುದು ಆಜ್ಞೆ. ಖೋಟಾ ನಾಣ್ಯಗಳು ಮನೆಮನೆಗಳಲ್ಲಿ ತಯಾರಾದವೆಂದು ಚರಿತ್ರೆಕಾರ ಬರನಿ ದಾಖಲಿಸಿದ್ದಾನೆ. ಕೊನೆಗೆ ಸುಲ್ತಾನ 1332ರ ಹೊತ್ತಿಗೆ ಅವನ್ನು ಹಿಂದಕ್ಕೆ ಪಡೆದು ಬೊಕ್ಕಸದಿಂದ ಚಿನ್ನ ಬೆಳ್ಳಿ ಕೊಡಬೇಕಾಯಿತು. ತಬ್ರೀಜ್‌ನ ಕಾಗದ, ದೌಲತಾಬಾದಿನ ಹಿತ್ತಾಳೆ, ಎರಡಕ್ಕೂ ರೋಗ ಒಂದೇ: ಆಜ್ಞೆ ಇತ್ತು, ನಂಬಿಕೆ ಇರಲಿಲ್ಲ.

ಇಂದು ನಮ್ಮ ಕೈಯಲ್ಲಿರುವ ರೂಪಾಯಿ ನಾಣ್ಯ ಉಕ್ಕಿನದು, ನೋಟು ಕಾಗದದ್ದು. ಫೋನಿನ ಮೂಲಕ ಕೊಡುವ ಹಣಕ್ಕಂತೂ ತೂಕವೇ ಇಲ್ಲ. ಆದರೂ ನಡೆಯುತ್ತದೆ. ಏಕೆಂದರೆ ಅದರ ಹಿಂದೆ ಕಾನೂನು ಇದೆ, ಲೆಕ್ಕ ಇಡುವ ಸಂಸ್ಥೆಗಳಿವೆ, ಬೆಲೆಗಳ ಏರಿಳಿತದ ಅಂಕಿಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುವ ಪದ್ಧತಿ ಇದೆ. ಗಜಾನನ ಊರ ಬಾಗಿಲಿನ ಹಲಗೆಯ ಕೆಲಸವನ್ನು ಈಗ ಆ ಅಂಕಿಗಳು ಮಾಡುತ್ತವೆ. ಹಲಗೆ ಇದ್ದರೆ ಸಾಲದು, ಅದನ್ನು ಓದುವವರೂ ಇರಬೇಕು. ಹಣದುಬ್ಬರದ ಶೇಕಡಾವಾರು ಲೆಕ್ಕವನ್ನು ಪತ್ರಿಕೆಯಲ್ಲಿ ಕಂಡಾಗ ಪುಟ ತಿರುವಿಬಿಡಬೇಡಿ. ಅದು ನಿಮ್ಮ ಮನೆಯ ದಿರ್ಹಮ್‌ನ ಇಂದಿನ ತೂಕ.

ಕೊನೆಗೆ ಒಂದು ಚಿಕ್ಕ ಪ್ರಯೋಗ. ಒಂದೇ ಬಗೆಯ, ಬೇರೆ ಬೇರೆ ವರ್ಷಗಳ ಐವತ್ತು ನಾಣ್ಯಗಳನ್ನು ಗೆಳೆಯರೆಲ್ಲ ಸೇರಿ ಸಂಗ್ರಹಿಸಿ. ಪ್ರಯೋಗಶಾಲೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಇಸವಿಯೊಂದಿಗೆ ಬರೆದುಕೊಳ್ಳಿ. ಗ್ರಾಫ್ ಎಳೆಯಿರಿ. ಹಳೆಯವು ಎಷ್ಟು ಸವೆದಿವೆ, ಟಂಕಸಾಲೆ ಗುರಿಯಿಟ್ಟ ತೂಕ ಯಾವುದು, ನೀವೇ ಕಂಡುಹಿಡಿಯಿರಿ. ಆಮೇಲೆ ಆ ತೂಕವನ್ನು ಸರ್ಕಾರ ಪ್ರಕಟಿಸಿರುವ ತೂಕದೊಂದಿಗೆ ಹೋಲಿಸಿ. ತಬ್ರೀಜ್‌ನ ದಿರ್ಹಮ್‌ಗಳನ್ನು ವಿದ್ವಾಂಸರು ಪರೀಕ್ಷಿಸುವ ಕ್ರಮ ಇದೇ.